ಖಂಡೇಪೂಜೆಯ ದಿನ ತೆರೆದೇ ಉಳಿದ ಬಾಗಿಲು

ಹಂಸಭಾವಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಶ್ರಾವಣದ ಜಿಟಿಜಿಟಿ ಮಳೆ ಒಂದು ಗಳಿಗೆ ಬಿಡುವು ಕೊಟ್ಟಿದೆ. ಬೀಜ ಬೆಳೆಯುವವರ ಸಹಕಾರ ಸಂಘವೊಂದರ ಹಿಂದಿನ ಕೋಣೆಯಲ್ಲಿ, ಗೋವಿನಜೋಳದ ಚೀಲಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹೊಳೆವ್ವ ಕುಳಿತಿದ್ದಾರೆ. ತೊಡೆಯ ಮೇಲೆ ಲ್ಯಾಪ್‌ಟಾಪು, ಕೊರಳಿಗೆ ಸುತ್ತಿದ ಉಣ್ಣೆಯ ಮಫ್ಲರು. ಎದುರಿನ ಕಬ್ಬಿಣದ ಕಪಾಟಿನೊಳಗೆ ಸಂಘದ ಸರ್ವರು ಗುಂಯ್ ಎನ್ನುತ್ತಿದೆ. ಗೋಡೆಯ ಗಡಿಯಾರದಲ್ಲಿ ಐದೂ ಇಪ್ಪತ್ತು.

ಬಾಗಿಲು ತೆಗೆದುಕೊಟ್ಟ ಕಾವಲುಗಾರ ನಬೀಸಾಬರು ಹೊಸ್ತಿಲಲ್ಲೇ ನಿಂತು ನೋಡುತ್ತಿದ್ದಾರೆ. "ಅಕ್ಕಾರ, ಕಳ್ಳರು ಮಾಡೂ ಕೆಲಸ ನೀವು ಬೆಳಕಾಗೂದ್ರಾಗ ಮಾಡಿ ಮುಗಸ್ತೀರಿ ನೋಡ್ರಿ" ಎಂದು ಕೆಣಕುತ್ತಾರೆ. ಹೊಳೆವ್ವ ತಲೆ ಎತ್ತದೆ, ಪಕ್ಕದಲ್ಲಿಟ್ಟ ಒಂದು ಹಾಳೆಯನ್ನು ಬೆರಳಿನಿಂದ ತಟ್ಟಿ ತೋರಿಸುತ್ತಾರೆ. "ಕಳ್ಳರು ಚೀಟಿ ಬರಸ್ಕೊಂಡು ಬರೂದಿಲ್ಲ ಚಾಚಾ." ಅದು ಸಂಘದ ಅಧ್ಯಕ್ಷರು ಸಹಿ ಮಾಡಿದ ಅನುಮತಿ ಪತ್ರ. ಅದಿಲ್ಲದೆ ಅವರು ಯಾರ ಮಶೀನಿನ ಕಡೆಗೂ ಕಣ್ಣೆತ್ತಿ ನೋಡುವುದಿಲ್ಲ.

ಅವರ ಕೆಲಸವೆಂದರೆ ಕದ ತಟ್ಟಿ ನೋಡುವುದು. ಒಂದು ಕಂಪ್ಯೂಟರಿಗೆ ಬೇರೆ ಕಂಪ್ಯೂಟರುಗಳ ಜೊತೆ ಮಾತಾಡಲು 65,535 ಬಾಗಿಲುಗಳಿರುತ್ತವೆ. ಕಣ್ಣಿಗೆ ಕಾಣುವ ಬಾಗಿಲುಗಳಲ್ಲ, ಬರೀ ಸಂಖ್ಯೆಗಳು. ಕಸುಬಿನವರು ಪೋರ್ಟ್ ಎನ್ನುತ್ತಾರೆ. ಕೆಲವು ತೆರೆದಿರಲೇಬೇಕು, ಇಲ್ಲದಿದ್ದರೆ ಕೆಲಸ ಸಾಗದು. ಉಳಿದವು ಮುಚ್ಚಿರಬೇಕು. ಯಾರ ಗಮನಕ್ಕೂ ಬಾರದೆ ತೆರೆದುಕೊಂಡಿರುವ ಬಾಗಿಲನ್ನು ಕಳ್ಳರಿಗಿಂತ ಮೊದಲು ಹುಡುಕಿ ಮಾಲೀಕರಿಗೆ ಹೇಳುವುದು ಹೊಳೆವ್ವನವರ ಹೊಟ್ಟೆಪಾಡು.

ಅದರಲ್ಲೂ ಅವರು ಹೆಚ್ಚು ಹೊತ್ತು ಕೂರುವುದು ವಿಂಡೋಸ್ ಡೊಮೇನ್ ಸರ್ವರಿನ ಮುಂದೆ. ಒಂದು ಕಚೇರಿಯ ಅಷ್ಟೂ ಕಂಪ್ಯೂಟರುಗಳಿಗೆ ಅದೇ ಯಜಮಾನ. ಯಾರ ಪಾಸ್‌ವರ್ಡು ಯಾವುದು, ಯಾರು ಯಾವ ಕಡತ ತೆರೆಯಬಹುದು ಎಂಬುದೆಲ್ಲ ಅದಕ್ಕೇ ಗೊತ್ತು. ಅದೊಂದು ಕೈವಶವಾದರೆ ಮನೆಯೇ ಹೋದಂತೆ. ಪರದೆಯ ಮೇಲೆ ಸಾಲುಗಳು ಇಳಿಯತೊಡಗಿದಾಗ ಹೊಳೆವ್ವ ಒಂದೊಂದನ್ನೇ ಬೆರಳಿಟ್ಟು ಓದುತ್ತಾರೆ. "ಇದು 88, ಬಂದಾತ ಖರೇನ ನಮ್ಮ ಪೈಕಿಯವನ ಏನು ಅಂತ ವಿಚಾರಿಸೂ ಬಾಗಲ. ಇದು 389, ಇಲ್ಲಿ ಎಲ್ಲಾರ ಹೆಸರಿನ ಯಾದಿ ಸಿಗತೈತಿ. 445 ಅಂದ್ರ ಕಡತ ಕೊಡೂದು ತಗೊಳ್ಳೂದು. ಒಳಗ ಕುಂತು ತಟ್ಟಿದ್ರ ಇವು ತೆರದಿರಬೇಕ್ರಿ. ಹೊರಗ, ಇಂಟರ್‌ನೆಟ್ ಕಡಿಯಿಂದ ತಟ್ಟಿದ್ರ ಒಂದೂ ಓ ಅನಬಾರದು."

ಹೊರಗಿನಿಂದ ತಟ್ಟುವ ಕೆಲಸವನ್ನು ಅವರು ತಮ್ಮ ಮೊಬೈಲಿನ ಇಂಟರ್‌ನೆಟ್ ಹಿಡಿದು ಮೊದಲೇ ಮುಗಿಸಿದ್ದಾರೆ. ಇಲ್ಲಿ ಯಾವುದೂ ಓಗೊಟ್ಟಿಲ್ಲ. ಆದರೂ ಸಮಾಧಾನವಿಲ್ಲದೆ ಇನ್ನೊಮ್ಮೆ ತಟ್ಟುತ್ತಾರೆ. ಒಂದೇ ಸಲ ನೋಡಿದರೆ ಸಾಲದೇ ಎಂದು ಕೇಳಿದರೆ, "ಸಾಕಾಗತೈತ್ರಿ. ನನಗ ಸಾಕಾಗೂದಿಲ್ಲ" ಎನ್ನುತ್ತಾರೆ.

ಮೂವತ್ತಾರರ ಹೊಳೆವ್ವ ಹಾನಗಲ್ ತಾಲ್ಲೂಕಿನ ಆಡೂರಿನವರು. ಅಜ್ಜಿಯ ಹೆಸರನ್ನೇ ಮೊಮ್ಮಗಳಿಗೆ ಇಟ್ಟದ್ದು. ಈ ಕೆಲಸ ಮಾಡಿಸುವ ಕಂಪನಿಯ ಹುಬ್ಬಳ್ಳಿ ಕಚೇರಿಗೆ ಹೊಸದಾಗಿ ಸೇರಿದಾಗ, ಕಾರ್ಡಿನ ಮೇಲೆ ಬೇರೆ ಹೆಸರು ಹಾಕಿಸೋಣವೇ ಎಂದು ಯಾರೋ ಕೇಳಿದ್ದರಂತೆ. ಈ ಹೆಸರು ಒಮ್ಮೆ ಕೇಳಿದವರು ಮರೆಯುವುದಿಲ್ಲ, ಇರಲಿ ಎಂದರಂತೆ ಇವರು. ಆಡೂರಿನಲ್ಲಿ ಇಂದಿಗೂ ಅವರು ಗಿರಣಿ ಗುದ್ಲೆಪ್ಪನ ಮಗಳು. ತಂದೆಯ ಹಿಟ್ಟಿನ ಗಿರಣಿಯಲ್ಲಿ ಮೋಟಾರಿನ ಸದ್ದು ಕೇಳಿ ಬೆಲ್ಟು ಸಡಿಲಾಗಿದೆಯೋ ಕಲ್ಲು ಸವೆದಿದೆಯೋ ಎಂದು ಹೇಳುತ್ತಿದ್ದ ಹುಡುಗಿ, ಹಾನಗಲ್ಲಿನಲ್ಲಿ ಬಿಸಿಎ ಓದಿ, ನಾಲ್ಕು ವರ್ಷ ಕಂಪ್ಯೂಟರ್ ಕಲಿಸಿ, ಆಮೇಲೆ ಈ ಕದ ತಟ್ಟುವ ಕಸುಬಿಗೆ ಬಂದರು.

ಈಗ ವಾಸ ಶಿಗ್ಗಾವಿಯ ಬಾಡಿಗೆ ಮನೆಯಲ್ಲಿ. ಅಲ್ಲಿಂದ ಹಾನಗಲ್, ಸವಣೂರು, ಹಿರೇಕೆರೂರು ಸುತ್ತಲು ಅನುಕೂಲ. ಒಂಬತ್ತು ವರ್ಷಗಳಲ್ಲಿ 212 ಸರ್ವರುಗಳನ್ನು ತಟ್ಟಿದ್ದಾರೆ. ಆಸ್ಪತ್ರೆ, ಶಾಲೆ, ಸಂಘ, ಹತ್ತಿ ಜಿನ್ನಿಂಗ್ ಮಿಲ್ಲು, ಏನೂ ಬಿಟ್ಟಿಲ್ಲ. ಹಳೆಯ ಮಶೀನುಗಳ ಮೇಲೆ ಜೋರಾಗಿ ತಟ್ಟಿದರೆ ಅವು ನಿಂತೇ ಹೋಗುತ್ತವೆ. ಹಾಗಾಗಿ ಯಾರೂ ಕೆಲಸಕ್ಕೆ ಕೂರುವ ಮುಂಚೆ, ನಸುಕಿನಲ್ಲಿ, ನಿಧಾನವಾಗಿ ತಟ್ಟಬೇಕು. ಶಿಗ್ಗಾವಿಯಿಂದ ಮೂರು ಗಂಟೆಗೇ ಸ್ಕೂಟರು ಹೊರಡುತ್ತದೆ. ದಾರಿಯಲ್ಲಿ ಚಹಾದಂಗಡಿಯೂ ತೆರೆದಿರುವುದಿಲ್ಲ.

ಇಷ್ಟಾಗಿ ಸಿಗುವ ಮರ್ಯಾದೆ ಏನು ಎಂದರೆ, ಹೋದಲ್ಲೆಲ್ಲ ಪ್ರಿಂಟರ್ ರಿಪೇರಿಗೆ ಬಂದವರೆಂದೇ ತಿಳಿಯುತ್ತಾರೆ. ಬಂದದ್ದು ಹೇಗೂ ಬಂದಿದ್ದೀರಿ, ಈ ಸ್ಕ್ಯಾನರ್ ಒಂದು ನೋಡಿಬಿಡಿ ಎನ್ನುವವರೂ ಇದ್ದಾರೆ. ನೋಡಿಯೂ ಬಿಡುತ್ತಾರೆ. ಅವರು ಬರೆದುಕೊಟ್ಟ ಅರವತ್ತು ಪುಟದ ಇಂಗ್ಲಿಷ್ ವರದಿ ಮುಂದಿನ ವರ್ಷ ಹೋದಾಗಲೂ ಚಹಾ ಕಪ್ಪಿನ ಗುರುತು ಹೊತ್ತು ಅದೇ ಮೇಜಿನ ಮೇಲೆ ಬಿದ್ದಿರುತ್ತದೆ. ಅವರ ಕೆಲಸ ಸರಿಯಾಗಿ ನಡೆದರೆ ಏನೂ ಆಗುವುದಿಲ್ಲ. ಏನೂ ಆಗದಿದ್ದಕ್ಕೆ ಹಾರ ಹಾಕುವವರು ಯಾರಿದ್ದಾರೆ?

ಆದರೆ ಹೊಳೆವ್ವನವರನ್ನು ನೆಮ್ಮದಿಯಾಗಿ ಇರಗೊಡದ ಸಂಗತಿ ಬೇರೆಯೇ ಇದೆ. ಅದು ಸವಣೂರಿನ ಒಂದು ಹೆರಿಗೆ ಆಸ್ಪತ್ರೆಯದು. ಅದರ ಹೆಸರು ಇಲ್ಲಿ ಬೇಡ.

ಮೂರು ವರ್ಷದ ಹಿಂದೆ, ಮಹಾನವಮಿಯ ಬೆಳಿಗ್ಗೆ. ನಮ್ಮ ಕಡೆ ಅಂದು ಖಂಡೇಪೂಜೆ. ಕುಡುಗೋಲಿನಿಂದ ಟ್ರ್ಯಾಕ್ಟರಿನವರೆಗೆ ದುಡಿಯುವ ಸಾಮಾನುಗಳಿಗೆಲ್ಲ ತೊಳೆದು ಬಳಿದು ಪೂಜೆ. ಮರುದಿನ ಬನ್ನಿ ಮುಡಿದ ಮೇಲೆಯೇ ಅವನ್ನು ಮತ್ತೆ ಮುಟ್ಟುವುದು. ಆಸ್ಪತ್ರೆಯಲ್ಲಿ ಅಂದು ಜನ ಕಡಿಮೆಯೆಂದು ಪರೀಕ್ಷೆಗೆ ಅದೇ ದಿನ ಗೊತ್ತಾಗಿತ್ತು. ಶಿಗ್ಗಾವಿಯ ಮನೆಯಲ್ಲೇ ಕುಳಿತು ಹೊರಗಿನಿಂದ ತಟ್ಟುತ್ತಿದ್ದ ಹೊಳೆವ್ವನವರಿಗೆ ಒಂದು ಬಾಗಿಲು ಓಗೊಟ್ಟಿತು. 3389. ಬೇರೆ ಊರಿನಲ್ಲಿ ಕುಳಿತೇ ಸರ್ವರನ್ನು ತನ್ನ ಮುಂದಿದ್ದಂತೆ ನಡೆಸಲು ಬರುವ ಬಾಗಿಲು ಅದು. ಸಾಫ್ಟ್‌ವೇರ್ ಹಾಕಿಕೊಟ್ಟವರ್‍ಯಾರೋ ಮನೆಯಿಂದಲೇ ರಿಪೇರಿ ಮಾಡಲೆಂದು ಇಂಟರ್‌ನೆಟ್ಟಿನ ರೌಟರಿನಲ್ಲಿ ದಾರಿ ಬಿಟ್ಟು, ಮುಚ್ಚಲು ಮರೆತಿದ್ದರು. ಮುಚ್ಚಲು ಐದು ನಿಮಿಷ ಸಾಕು. ಆದರೆ ಹೊಳೆವ್ವನವರ ಅನುಮತಿ ಪತ್ರದಲ್ಲಿ ಇದ್ದದ್ದು ನೋಡುವ ಅನುಮತಿ, ಮುಟ್ಟುವುದಲ್ಲ.

ಅವರು ಕೂಡಲೇ ಆಸ್ಪತ್ರೆಯ ವ್ಯವಸ್ಥಾಪಕ ಕರಬಸಪ್ಪನವರಿಗೆ ಫೋನು ಹಚ್ಚಿದರು. ಅರವತ್ತು ದಾಟಿದ ಹಿರಿಯರು, ಒಳ್ಳೆಯವರು. "ಅಯ್ಯ ತಂಗಿ, ಈಗ ಪೂಜಿ ಮುಗಿಸಿ ಮಶೀನ ಖೋಲಿಗೆ ಕೀಲಿ ಹಾಕೇನಿ. ಖಂಡೇಪೂಜಿ ದಿನ ಮುಟ್ಟಿದ್ರ ಹೆಂಗವಾ? ಬನ್ನಿ ಮುಗಿಸಿ ನಾಡದ ನೋಡೂಣು" ಎಂದರು ಅವರು.

"ಆತ್ರಿ" ಎಂದರು ಹೊಳೆವ್ವ.

ಆ ಒಂದು ಮಾತನ್ನು ಅವರು ಈಗ ಎಷ್ಟು ಸಲ ಹೇಳಿ ತೋರಿಸಿದರೂ ದನಿ ಪ್ರತಿಸಲವೂ ಕೆಳಗಿಳಿಯುತ್ತದೆ. "ನಾನೂ ಗಿರಣಿಯಾಗ ಬೆಳದಾಕಿ. ಪೂಜಿ ಮಾಡಿದ ಮಶೀನ ಮುಟ್ಟಬಾರದು ಅಂತ ನನ್ನ ಮೈಯಾಗ ಐತಿ. ಹಿರ್‍ಯಾರು ಬ್ಯಾಡ ಅಂದ್ರು, ನನಗೂ ಅದು ಬರೋಬ್ಬರಿ ಅನಿಸ್ತು. ಜಗಳಾ ಮಾಡಬೇಕಾಗಿತ್ತು. ಸ್ಕೂಟರ್ ತಗೊಂಡು ಹೋಗಿ ಬಾಗಲಾಗ ಕುಂತಬಿಡಬೇಕಾಗಿತ್ತು. ಏನೂ ಮಾಡ್ಲಿಲ್ಲ. ಆಡೂರಿಗೆ ಹೋಗಿ ಹೋಳಗಿ ಉಂಡ್ನಿ."

ಮರುದಿನ, ಊರವರೆಲ್ಲ ಬನ್ನಿ ಎಲೆ ಕೊಟ್ಟು ಬಂಗಾರದಂಗ ಇರೋಣ ಎಂದು ಒಬ್ಬರಿಗೊಬ್ಬರು ಕೈಮುಗಿಯುತ್ತಿದ್ದ ಹೊತ್ತಿನಲ್ಲಿ, ಮಧ್ಯಾಹ್ನ ಎರಡೂ ನಲವತ್ತಕ್ಕೆ ಆ ಬಾಗಿಲಿನಿಂದ ಯಾರೋ ಒಳಗೆ ಬಂದರು. ಪಾಸ್‌ವರ್ಡು ಆಸ್ಪತ್ರೆಯ ಹೆಸರಿನ ಮುಂದೆ ಒಂದು ಎರಡು ಮೂರು. ಅದನ್ನು ಊಹಿಸಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಾರನೆಯ ಬೆಳಿಗ್ಗೆ ಕೋಣೆಯ ಕೀಲಿ ತೆಗೆದಾಗ ಚೆಂಡುಹೂವಿನ ಹಾರ ಇನ್ನೂ ಬಾಡಿರಲಿಲ್ಲ. ಪರದೆಯ ಮೇಲೆ ಹಣ ಕೇಳುವ ಇಂಗ್ಲಿಷ್ ಚೀಟಿ ಇತ್ತು. ಕಡತಗಳಿಗೆಲ್ಲ ಯಾರೂ ಬಿಚ್ಚಲಾಗದ ಬೀಗ ಬಿದ್ದಿತ್ತು. ನಕಲು ಇಟ್ಟುಕೊಂಡಿದ್ದ ಡಿಸ್ಕನ್ನೂ ಅದೇ ಮಶೀನಿಗೆ ಚುಚ್ಚಿಟ್ಟಿದ್ದರಿಂದ ಅದೂ ಹೋಗಿತ್ತು. ಆಸ್ಪತ್ರೆಯವರು ಹಣ ಕೊಡಲಿಲ್ಲ, ದಾಖಲೆಗಳು ಮರಳಿ ಬರಲಿಲ್ಲ.

ಹೋದದ್ದು ಹದಿಮೂರು ವರ್ಷದ ಹೆರಿಗೆಗಳ ಲೆಕ್ಕ. ಹನ್ನೊಂದು ಸಾವಿರದ ನಾಲ್ಕುನೂರು ಬಾಣಂತಿಯರು, ಅವರ ರಕ್ತದ ಗುಂಪು, ಯಾವ ಇಂಜೆಕ್ಷನ್ ಒಗ್ಗದು, ಮೊದಲ ಹೆರಿಗೆ ಹೇಗಾಗಿತ್ತು, ಕೂಸಿನ ತೂಕ ಎಷ್ಟು. ಎಲ್ಲವನ್ನೂ ಒಬ್ಬರೇ ಟೈಪು ಮಾಡಿದ್ದು, ದಾಖಲೆ ಕೋಣೆಯ ಬಾನುಬಿ. ಅವರು ಅತ್ತದ್ದನ್ನು ಯಾರೂ ನೋಡಿಲ್ಲ.

ಹೊಳೆವ್ವನವರ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ. ವರದಿಯಲ್ಲಿ ಫೋನು ಮಾಡಿದ ಹೊತ್ತು ಬರೆದಿತ್ತು. ಕಂಪನಿಯವರು ಬೆನ್ನು ತಟ್ಟಿದರು. ಕರಬಸಪ್ಪನವರು ತಮ್ಮದೇ ತಪ್ಪೆಂದು ಎಲ್ಲರೆದುರು ಒಪ್ಪಿಕೊಂಡರು. ಆದರೆ ಆಡೂರಿನಲ್ಲಿ ತಂದೆಯ ಮುಂದೆ ಇದನ್ನೆಲ್ಲ ಹೇಳಿಕೊಂಡಾಗ, ಗಿರಣಿಯ ಕಲ್ಲು ಕಟೆಯುತ್ತಿದ್ದ ಗುದ್ಲೆಪ್ಪನವರು ಉಳಿ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು. "ಪೂಜಿ ಮಾಡಿದ ಮಶೀನ ಚಾಲೂ ಯಾಕ ಇತ್ತವಾ?"

ಗಿರಣಿಯಲ್ಲಿ ಖಂಡೇಪೂಜೆಯ ಹಿಂದಿನ ಸಂಜೆಯೇ ಬೆಲ್ಟು ಇಳಿಸುತ್ತಾರೆ. ಫ್ಯೂಜು ಕಿತ್ತು ದೇವರ ಮಾಡದಲ್ಲಿ ಇಡುತ್ತಾರೆ. ಬನ್ನಿ ಮುಡಿದು ಬಂದ ಮೇಲೆಯೇ ಅದು ಕೆಳಗಿಳಿಯುವುದು. ಪೂಜೆ ಎಂದರೆ ಮಶೀನಿಗೆ ವಿಶ್ರಾಂತಿ, ಕುಂಕುಮ ಹಚ್ಚುವುದಷ್ಟೇ ಅಲ್ಲ. ಆಸ್ಪತ್ರೆಯವರು ಸರ್ವರನ್ನು ಚಾಲೂ ಇಟ್ಟೇ ಪೂಜೆ ಮಾಡಿದ್ದರು. ಹಾರದ ಹಿಂದೆ ಹಸಿರು ದೀಪ ಮಿನುಗುವುದು ಚೆಂದ ಕಂಡಿತ್ತು. "ಪೂಜಿ ಮಾಡಿದ ಮಶೀನ ಬಂದ್ ಇರಬೇಕ್ರಿ ಅಂತ ಒಂದ ಮಾತು ಫೋನಿನ್ಯಾಗ ಹೇಳಿದ್ರ ಸಾಕಾಗಿತ್ತು. ಕರಬಸಪ್ಪಜ್ಜಾರು ಕೇಳತಿದ್ರು. ಪದ್ಧತಿ ಮಾತು ಅವರಿಗೆ ತಿಳೀತಿತ್ತು. ನನಗ ಹೊಳೀಲಿಲ್ಲ. ಗಿರಣಿಯವನ ಮಗಳಿಗೆ ಹೊಳೀಲಿಲ್ಲ" ಎನ್ನುತ್ತಾರೆ ಹೊಳೆವ್ವ.

ಅಂದಿನಿಂದ ಅವರ ವರದಿಗಳ ಮೊದಲ ಪುಟ ಕನ್ನಡದಲ್ಲಿರುತ್ತದೆ. ಒಂದೇ ಪುಟ, ದಪ್ಪ ಅಕ್ಷರ. ಕೊನೆಯ ಸಾಲು ಎಲ್ಲ ಕಡೆಗೂ ಒಂದೇ: ಖಂಡೇಪೂಜೆಯ ದಿನ ಸರ್ವರು ಬಂದ್ ಮಾಡಿ, ಇಂಟರ್‌ನೆಟ್ಟಿನ ವಾಯರು ಕಿತ್ತು ದೇವರ ಮುಂದೆ ಇಡಿ. ಹುಬ್ಬಳ್ಳಿಯ ಕಚೇರಿಯವರು ಓದಿ ನಕ್ಕರು. ಈಗ ನಾಲ್ಕು ತಾಲ್ಲೂಕುಗಳಲ್ಲಿ ಹದಿನೇಳು ಕಡೆ ಮಹಾನವಮಿಯಂದು ನೀಲಿ ವಾಯರೊಂದು ಕುಂಕುಮ ಹಚ್ಚಿಸಿಕೊಂಡು ದೇವರ ಜಗಲಿಯ ಮೇಲೆ ಮಲಗುತ್ತದೆ.

ಎರಡನೆಯ ಶನಿವಾರ, ಭಾನುವಾರ ಬಂದರೆ ಹೊಳೆವ್ವ ಸವಣೂರಿನಲ್ಲಿರುತ್ತಾರೆ. ಬಾನುಬಿಯವರ ಪಕ್ಕದ ಮೇಜು ಅವರದು. ಹಳೆಯ ಬಾಣಂತಿಯರು ಮನೆಯಲ್ಲಿ ಹುಡುಕಿ ತಂದ ಚೀಟಿಗಳನ್ನು ನೋಡಿ ಇಬ್ಬರೂ ಮತ್ತೆ ಬರೆಯುತ್ತಾರೆ. ಮೊದಲು ದಪ್ಪ ರಟ್ಟಿನ ರಜಿಸ್ಟರಿನಲ್ಲಿ, ಆಮೇಲೆ ಮಶೀನಿನಲ್ಲಿ. ಇಲ್ಲಿಯವರೆಗೆ 2,316 ಸಿಕ್ಕಿವೆ. ಚೀಟಿ ಇಲ್ಲದೆ ಬಾನುಬಿ ಒಂದಕ್ಷರ ಬರೆಯುವುದಿಲ್ಲ. "ನೆನಪಿನ ಮ್ಯಾಲೆ ಬರದ್ರ ಅದು ದಾಖಲಿ ಆಗಂಗಿಲ್ಲ" ಎನ್ನುವುದು ಅವರ ಹಟ.

ಈ ಹಟದಿಂದಾಗಿ ಬರೆಯದೆ ಉಳಿದವುಗಳಲ್ಲಿ ಜಯಾ ಎಂಬುವವರ ಕೂಸಿನ ದಾಖಲೆಯೂ ಒಂದು. ಜಯಾ ತಡಸ ಊರಿನ ಸೊಸೆ, ತವರು ಸವಣೂರಿನ ಹತ್ತಿರದ ಹಳ್ಳಿ. ಒಂಬತ್ತು ವರ್ಷದ ಹಿಂದೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದರು. ಹೆಣ್ಣು ಕೂಸು. ಒಂದು ದಿನವಷ್ಟೇ ಬದುಕಿತ್ತು. ಆಸ್ಪತ್ರೆ ಕೊಟ್ಟ ಚೀಟಿ ತಲೆಗೆ ಹಾಕಿದ ಕುಲಾಯಿಯ ಜೊತೆ ಮಗುವಿನ ಸಂಗಡವೇ ಮಣ್ಣಿಗೆ ಹೋಗಿತ್ತು. ಪ್ರತಿ ವರ್ಷ ನಾಗರಪಂಚಮಿಗೆ ತವರಿಗೆ ಬಂದಾಗ ಜಯಾ ಎಳ್ಳು ಶೇಂಗಾದ ಉಂಡಿಯ ಡಬ್ಬಿ ಹಿಡಿದು ದಾಖಲೆ ಕೋಣೆಗೆ ಬರುತ್ತಿದ್ದರು. ಬಾನುಬಿ ಪರದೆಯ ಮೇಲೆ ಆ ಪುಟ ತೆಗೆದು ತೋರಿಸುತ್ತಿದ್ದರು. ಹುಟ್ಟಿದ ಹೊತ್ತು, ತೂಕ, ಕೊನೆಗೆ ಷರಾ. ಷರಾ ಎಂಬಲ್ಲಿ ಯಾರೂ ಏನೂ ಬರೆಯುವುದಿಲ್ಲ. ಕೂಸು ಹುಟ್ಟಿದಂದು ಬಾನುಬಿಯವರಿಗೆ ಏನನ್ನಿಸಿತೋ, ತಲೆ ತುಂಬ ಕೂದಲು ಎಂದು ಟೈಪು ಮಾಡಿದ್ದರು. ಜಯಾ ಅದನ್ನು ಓದಿಕೊಂಡು ಹೋಗುತ್ತಿದ್ದರು.

ಕಡತಗಳಿಗೆ ಬೀಗ ಬಿದ್ದ ಮರುವರ್ಷದ ಪಂಚಮಿಗೂ ಬಂದರು. ಎಲ್ಲ ಹೋಯಿತು ಜಯಾ ಎಂದು ಬಾನುಬಿ ಹೇಳಬೇಕಾಯಿತು. "ನನಗ ಎಲ್ಲಾ ನೆನಪೈತ್ರಿ. ನಾ ಅಲ್ದ ಮತ್ತ್ಯಾರೋ ಬರದಿಟ್ಟಿದ್ರಲ್ಲ, ಅದನ್ನ ನೋಡಾಕ ಬರತಿದ್ನಿ" ಎಂದು ಡಬ್ಬಿಯನ್ನು ಅಲ್ಲೇ ಇಟ್ಟು ಹೋದರು. ಪಕ್ಕದ ಮೇಜಿನಲ್ಲಿದ್ದ ಹೊಳೆವ್ವ ಒಂದೇ ಸಾಲನ್ನು ಮೂರು ಸಲ ಟೈಪು ಮಾಡಿದರು. ಬಾಗಿಲು ತೆರೆದದ್ದು ತಮಗೆ ಮೊದಲೇ ಗೊತ್ತಿತ್ತು ಎಂದು ಹೇಳಲಿಲ್ಲ. ಮೊದಲ ಸಲ ಸುಮ್ಮನಿದ್ದದ್ದಕ್ಕಿಂತ ಈ ಸಲದ್ದೇ ತಮ್ಮನ್ನು ಹೆಚ್ಚು ತಿನ್ನುತ್ತದೆ ಎನ್ನುತ್ತಾರೆ. ಮುಂದಿನ ವರ್ಷ ಜಯಾ ಬರಲಿಲ್ಲ.

ಈ ಸಲದ ಪಂಚಮಿ. ಹಂಸಭಾವಿಯ ಕೆಲಸ ಮುಗಿದು ಮೂರನೆಯ ದಿನ. ಹೊಳೆವ್ವ ರಜೆ ಹಾಕಿ ಬೆಳಿಗ್ಗೆ ಏಳಕ್ಕೇ ಸವಣೂರಿಗೆ ಬಂದಿದ್ದಾರೆ. ಜಯಾ ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಆಚೆ ಓಣಿಯಲ್ಲಿ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದಾರೆ, ಹೆಣ್ಣುಮಕ್ಕಳ ನಗೆ ಕೇಳುತ್ತಿದೆ. ಹತ್ತೂವರೆಗೆ ಬಾಗಿಲಲ್ಲಿ ಸ್ಟೀಲಿನ ಡಬ್ಬಿ ಹಿಡಿದು ಜಯಾ ನಿಂತಿದ್ದಾರೆ. ದಾಖಲೆ ನೋಡಲು ಅಲ್ಲ. "ಉಂಡಿ ಕೊಟ್ಟು ಹೋಗೂಣು ಅಂತ ಬಂದ್ನಿ, ಬಾನುಬಿ ಅಕ್ಕಾರ."

ಹೊಳೆವ್ವ ಎದ್ದು ನಿಲ್ಲುತ್ತಾರೆ. ಎರಡು ವರ್ಷ ಮನಸ್ಸಿನಲ್ಲಿ ಹೊಂದಿಸಿಕೊಂಡ ಮಾತುಗಳು ಒಂದೂ ನೆನಪಾಗುವುದಿಲ್ಲ. "ಅಕ್ಕಾರ, ನಾನು ಹೊಳೆವ್ವ. ನಿಮ್ಮ ಕೂಸಿನ ದಾಖಲಿ ಹೋಗೂ ಹಿಂದಿನ ದಿನ ಮಶೀನಿನ ಬಾಗಲ ತೆರದೈತಿ ಅಂತ ನನಗ ಗೊತ್ತಿತ್ತು. ನಾಡದ ನೋಡೂಣು ಅಂದ್ರು. ಆತ್ರಿ ಅಂದು ಸುಮ್ನಾದ್ನಿ. ಹೋದ ಸಲ ನೀವು ಬಂದಾಗೂ ಇಲ್ಲೇ ಕುಂತಿದ್ನಿ. ಹೇಳ್ಲಿಲ್ಲ."

ಜಯಾ ಹೊಳೆವ್ವನವರ ಮುಖ ನೋಡುತ್ತಾರೆ. ಡಬ್ಬಿಯನ್ನು ಮೇಜಿನ ಮೇಲಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ರಜಿಸ್ಟರಿನ ಎದುರಿನ ಕುರ್ಚಿಯಲ್ಲಿ ಕೂರುತ್ತಾರೆ.

"ಹಂಗಾರ ನೀವ ಬರೀರಿ" ಎನ್ನುತ್ತಾರೆ.

ಹೊಳೆವ್ವ ಬಾನುಬಿಯವರ ಕಡೆ ನೋಡುತ್ತಾರೆ. ಚೀಟಿ ಇಲ್ಲ. ಬಾನುಬಿ ರಜಿಸ್ಟರನ್ನು ಹೊಸ ಪುಟಕ್ಕೆ ತಿರುಗಿಸಿ, ಪೆನ್ನಿನ ಟೋಪಿ ತೆಗೆದು ಕೈಗೆ ಕೊಡುತ್ತಾರೆ. ಜಯಾ ಹೇಳುತ್ತಾರೆ, ಹೊಳೆವ್ವ ಬರೆಯುತ್ತಾರೆ. ಬೆಳಗಿನ ಐದೂ ಹತ್ತು. ಎರಡು ಕಿಲೋ ಒಂದು ನೂರು ಗ್ರಾಂ. ಹೆಣ್ಣು. ಷರಾ ಅಂಕಣ ಬಂದಾಗ ಜಯಾ ಬಾನುಬಿಯವರ ಕಡೆ ನೋಡುತ್ತಾರೆ. ಬಾನುಬಿಯೇ ಹೇಳುತ್ತಾರೆ, "ತಲಿ ತುಂಬ ಕೂದಲಾ. ಬರಿ ಹೊಳೆವ್ವ, ಅದು ನಾ ಕಣ್ಣಾರೆ ನೋಡೇನಿ." ಕೊನೆಯ ಅಂಕಣ ಬರೆದವರ ಸಹಿ. ಅಲ್ಲಿ ಹೊಳೆವ್ವ ತಮ್ಮ ಪೂರ್ತಿ ಹೆಸರು ಬರೆಯುತ್ತಾರೆ. ಜಯಾ ಒಂದೊಂದೇ ಅಂಕಣದ ಮೇಲೆ ಬೆರಳಿಟ್ಟು ಓದಿಕೊಂಡು, ಎದ್ದು, ತವರಿನ ಬಸ್ಸಿಗೆ ಹೊತ್ತಾಯಿತೆಂದು ಹೊರಡುತ್ತಾರೆ.

ನಿಮಗೇನು ಆಸೆ ಎಂದು ಕೇಳಿದರೆ ಹೊಳೆವ್ವ ಬಹಳ ಹೊತ್ತು ಯೋಚಿಸುವುದಿಲ್ಲ. ರಜಿಸ್ಟರನ್ನು ಮುಚ್ಚಿ ಅದರ ರಟ್ಟಿನ ಮೇಲೆ ಅಂಗೈ ಇಡುತ್ತಾರೆ.

"ಮುಂದಿನ ಪಂಚಮಿಗೆ ಅವರು ಬರ್ತಾರ. ಬಂದಾಗ ಈ ಹಾಳಿ ಇಲ್ಲೇ ಇರಬೇಕ್ರಿ. ಅಷ್ಟ."